ಪಾಲ್ಕರಾಹು: ಬೆಟ್ಟದ ಕೆಳಗೆ ಸರೋವರ, ಸರೋವರದ ಕೆಳಗೆ ಊರು

2025ರ ಮೇ 28ರಂದು ಜರ್ಮನಿಯ ಹಾಮ್ ನಗರದ ಮೇಲ್ಮನವಿ ಕೋರ್ಟು ಸುಮಾರು ಹತ್ತು ವರ್ಷ ನಡೆದ ಒಂದು ಕೇಸನ್ನು ಮುಗಿಸಿತು. ಕೇಸು ಹಾಕಿದವರು ಪೆರು ದೇಶದ ಸೌಲ್ ಲುಸಿಯಾನೊ ಲಿಯುಯಾ. ಅವರು ರೈತ, ಜೊತೆಗೆ ಪರ್ವತ ಹತ್ತುವವರಿಗೆ ದಾರಿ ತೋರಿಸುವ ಗೈಡ್. ಎದುರಾಳಿ ಜರ್ಮನಿಯ ದೊಡ್ಡ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ. ಲಿಯುಯಾ ಅವರ ವಾದ ಇದು: ಕಂಪನಿ ಕಲ್ಲಿದ್ದಲು ಸುಟ್ಟು ಬಿಟ್ಟ ಹೊಗೆಯೂ ಸೇರಿ ಭೂಮಿ ಬಿಸಿಯಾಗಿದೆ. ಅದರಿಂದ ನಮ್ಮೂರಿನ ಮೇಲಿನ ಹಿಮನದಿ ಕರಗಿದೆ. ಆ ನೀರು ತುಂಬಿಕೊಂಡ ಸರೋವರ ಉಕ್ಕಿದರೆ ನನ್ನ ಮನೆ ಉಳಿಯುವುದಿಲ್ಲ. ಅದನ್ನು ತಡೆಯುವ ಖರ್ಚಿನಲ್ಲಿ ಕಂಪನಿ ತನ್ನ ಪಾಲು ಕೊಡಲಿ. ಅವರು ಕೇಳಿದ್ದು ಸುಮಾರು 17 ಸಾವಿರ ಯೂರೊ.

ಕೋರ್ಟು ಅರ್ಜಿಯನ್ನು ವಜಾ ಮಾಡಿತು. ಆದರೆ ಇಂಥ ಹಾನಿಗೆ ಹೊಗೆ ಉಗುಳುವ ದೊಡ್ಡ ಕಂಪನಿಗಳನ್ನು ಹೊಣೆ ಮಾಡಲು ಕಾನೂನಿನಲ್ಲಿ ಜಾಗ ಇದೆ ಎಂದು ಅದೇ ತೀರ್ಪಿನಲ್ಲಿ ಹೇಳಿತು. ಎರಡೂ ಕಡೆಯವರಿಗೆ ಸಂತೋಷಪಡಲು ಕಾರಣ ಸಿಕ್ಕಿತು.

ಸುದ್ದಿಯಲ್ಲಿ ಕಂಪನಿ ಬಂತು, ರೈತ ಬಂದರು, ಕೋರ್ಟು ಬಂತು. ಪಾಲ್ಕರಾಹು ಎಂಬ ಬೆಟ್ಟದ ಹೆಸರು ಬಂದಿದ್ದು ಕಡಿಮೆ. ಆದರೆ ಆ ಬೆಟ್ಟದ ಭೂಗೋಳ ತಿಳಿಯದೆ ಈ ತೀರ್ಪು ಎಲ್ಲಿ ಸರಿ, ಎಲ್ಲಿ ಸಾಲದು ಅಂತ ಹೇಳಲು ಆಗುವುದಿಲ್ಲ. ಹಾಗಾಗಿ ಬೆಟ್ಟದಿಂದಲೇ ಶುರು ಮಾಡುತ್ತೇನೆ.

ಬೆಟ್ಟ ನಿಂತಿರುವ ಜಾಗ

ಪೆರು ದೇಶದ ಆಂಕಾಶ್ ಪ್ರಾಂತ್ಯದಲ್ಲಿ ಆಂಡೀಸ್ ಪರ್ವತಗಳು ಎರಡು ಸಾಲಾಗಿ ಹೋಗುತ್ತವೆ. ಪಶ್ಚಿಮಕ್ಕೆ, ಸಮುದ್ರದ ಕಡೆ ಇರುವುದು ಕೋರ್ಡಿಯೆರಾ ನೇಗ್ರಾ, ಅಂದರೆ ಕಪ್ಪು ಸಾಲು. ಅಲ್ಲಿ ಹಿಮನದಿಗಳಿಲ್ಲ. ಪೂರ್ವಕ್ಕೆ ಕೋರ್ಡಿಯೆರಾ ಬ್ಲಾಂಕಾ, ಬಿಳಿ ಸಾಲು. ಉದ್ದ ಸುಮಾರು 180 ಕಿಲೋಮೀಟರ್. ಉಷ್ಣವಲಯದಲ್ಲಿ ಇಷ್ಟು ಮಂಜುಗಡ್ಡೆ ಹೊತ್ತ ಪರ್ವತ ಸಾಲು ಜಗತ್ತಿನಲ್ಲಿ ಇನ್ನೊಂದಿಲ್ಲ. ಪೆರುವಿನ ಅತಿ ಎತ್ತರದ ಶಿಖರ ವಾಸ್ಕರಾನ್ ಇರುವುದೂ ಇಲ್ಲೇ. ಅದರ ಎತ್ತರ 6,768 ಮೀಟರ್. ಅದರ ಹೆಸರಿನಲ್ಲೇ 1975ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. 1985ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ ಸಾಂತಾ ನದಿ ಹರಿಯುತ್ತದೆ. ನದಿಯ ದಡದಲ್ಲಿ, ಸುಮಾರು 3,050 ಮೀಟರ್ ಎತ್ತರದಲ್ಲಿ, ಪ್ರಾಂತ್ಯದ ರಾಜಧಾನಿ ವರಾಸ್. ಲಕ್ಷಕ್ಕೂ ಹೆಚ್ಚು ಜನ ಇರುವ ಊರು. ಲಿಯುಯಾ ಅವರ ಮನೆ ಇರುವುದೂ ಇಲ್ಲೇ. ಊರಿನಲ್ಲಿ ನಿಂತು ಈಶಾನ್ಯಕ್ಕೆ ಮುಖ ಮಾಡಿದರೆ ಆ ದಿಕ್ಕಿನಲ್ಲಿ ಕೊಹುಪ್ ಎಂಬ ಕಣಿವೆ ಇದೆ. ಅದರ ತುದಿಯಲ್ಲಿ ಎರಡು ಶಿಖರಗಳು ನಿಂತಿವೆ. ಒಂದು ಪಾಲ್ಕರಾಹು, 6,274 ಮೀಟರ್. ಪಕ್ಕದ್ದು ಪುಕರನ್ರ, 6,156 ಮೀಟರ್. ಎರಡೂ ಅಲ್ಲಿನ ಮೂಲ ಜನರ ಭಾಷೆಯಾದ ಕೆಚುವಾದ ಹೆಸರುಗಳು. ಪಾಲ್ಕ ಎಂದರೆ ಕವಲು, ರಾಹು ಎಂದರೆ ಹಿಮದ ಶಿಖರ. ಈ ಸಾಲಿನ ಎಷ್ಟೋ ಬೆಟ್ಟಗಳ ಹೆಸರು ‘ರಾಹು’ ಅಂತಲೇ ಮುಗಿಯುತ್ತದೆ. ಸರೋವರಗಳ ಹೆಸರು ‘ಕೋಚ’ ಅಂತ. ಪಾಲ್ಕರಾಹುವಿನ ಬುಡದ ಸರೋವರ ಪಾಲ್ಕಕೋಚ.

ಊರಿನಿಂದ ಶಿಖರಕ್ಕೆ ನೇರ ಗೆರೆ ಎಳೆದರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಅಷ್ಟು ದೂರದಲ್ಲಿ ನೆಲ ಮೂರು ಸಾವಿರ ಮೀಟರಿಗೂ ಜಾಸ್ತಿ ಏರುತ್ತದೆ. ಇಷ್ಟು ಕಡಿದಾಗಿರಲು ಕಾರಣ ಬಂಡೆಯಲ್ಲೇ ಇದೆ. ಬಿಳಿ ಸಾಲಿನ ಒಡಲು ಗ್ರಾನೈಟ್ ಜಾತಿಯ ಕಲ್ಲು. ಭೂಮಿಯ ಲೆಕ್ಕದಲ್ಲಿ ಅದು ಮೊನ್ನೆ ಮೊನ್ನೆಯದು, ಒಂದು ಕೋಟಿ ವರ್ಷದ ಆಚೀಚೆ. ಸಾಲಿನ ಪಶ್ಚಿಮದ ಬುಡದ ಉದ್ದಕ್ಕೂ ನೆಲದಲ್ಲಿ ಒಂದು ದೊಡ್ಡ ಬಿರುಕು ಇದೆ. ಬಿರುಕಿನ ಒಂದು ಕಡೆ ಪರ್ವತ ಮೇಲೇರುತ್ತಿದೆ, ಇನ್ನೊಂದು ಕಡೆ ಕಣಿವೆ ಕುಸಿಯುತ್ತಿದೆ. ಆ ಬಿರುಕು ಇವತ್ತಿಗೂ ಜೀವಂತ. ಅಲ್ಲಿ ಭೂಕಂಪ ಅಪರೂಪದ ಸಂಗತಿಯಲ್ಲ.

ಈ ಸಾಲು ಖಂಡದ ನೀರನ್ನು ಎರಡು ಪಾಲು ಮಾಡುತ್ತದೆ. ಪಶ್ಚಿಮದ ಇಳಿಜಾರಿನಲ್ಲಿ ಕರಗಿದ ಹನಿ ಸಾಂತಾ ನದಿ ಸೇರಿ ಪೆಸಿಫಿಕ್ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ಇಳಿಜಾರಿನ ಹನಿ ಮರಾನ್ಯೋನ್ ನದಿ ಹಿಡಿದು ಅಮೆಜಾನ್ ಸೇರುತ್ತದೆ. ಅಲ್ಲಿಂದ ಇಡೀ ಖಂಡ ದಾಟಿ ಅಟ್ಲಾಂಟಿಕ್‌ಗೆ. ಕೊಹುಪ್ ಕಣಿವೆಯ ನೀರು ಪಶ್ಚಿಮದ್ದು. ಅದು ಪಾರಿಯಾ ಎಂಬ ಹೊಳೆಯಾಗಿ ಇಳಿಯುತ್ತದೆ. ಪಕ್ಕದ ಕಣಿವೆಯಿಂದ ಬರುವ ಔಕಿ ಹೊಳೆಯನ್ನು ಕೂಡಿಕೊಂಡು ಕಿಲ್ಕಾಯ್ ಆಗುತ್ತದೆ. ಕಿಲ್ಕಾಯ್ ವರಾಸ್ ಊರಿನ ಮಧ್ಯದಲ್ಲೇ ಹಾದು ಸಾಂತಾ ಸೇರುತ್ತದೆ. ಮುಂದಿನ ಕತೆಯೆಲ್ಲಾ ನಿಂತಿರುವುದು ಈ ಒಂದು ದಾರಿಯ ಮೇಲೆ.

ಇಲ್ಲಿನ ಮಂಜುಗಡ್ಡೆಯ ಸ್ವಭಾವವನ್ನೂ ಹೇಳಬೇಕು. ಪಾಲ್ಕರಾಹು ಸಮಭಾಜಕ ವೃತ್ತದಿಂದ 9 ಡಿಗ್ರಿ ದಕ್ಷಿಣಕ್ಕಿದೆ. ಯುರೋಪಿನ ಆಲ್ಪ್ಸ್‌ನಲ್ಲಿ ಹಿಮನದಿಗೆ ಚಳಿಗಾಲ ಕೂಡಿಡುವ ಕಾಲ, ಬೇಸಿಗೆ ಕಳೆಯುವ ಕಾಲ. ಇಲ್ಲಿ ಹಾಗೆ ಋತುಗಳಿಲ್ಲ. ವರ್ಷದ ತಿಂಗಳುಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದಿನದ ಹಗಲು ರಾತ್ರಿಯ ವ್ಯತ್ಯಾಸವೇ ಜಾಸ್ತಿ. ಹಿಮನದಿಯ ಕೆಳತುದಿ ವರ್ಷವಿಡೀ ಕರಗುತ್ತಲೇ ಇರುತ್ತದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ ಮಳೆಗಾಲದಲ್ಲಿ ಮೇಲೆ ಬೀಳುವ ಹಿಮ ಆ ನಷ್ಟವನ್ನು ತುಂಬಬೇಕು. ಗಾಳಿ ಸ್ವಲ್ಪ ಬಿಸಿಯಾದರೂ ಹಿಮವಾಗಿ ಬೀಳಬೇಕಾದದ್ದು ಮಳೆಯಾಗಿ ಬೀಳುತ್ತದೆ. ಆಗ ಎರಡು ನಷ್ಟ. ಹೊಸ ಹಿಮ ಬರಲಿಲ್ಲ, ಇದ್ದ ಹಿಮವನ್ನೂ ಮಳೆ ತೊಳೆಯಿತು. ಬಿಳಿ ಹೊದಿಕೆ ಹೋದ ಮೇಲೆ ಬಿಸಿಲನ್ನು ವಾಪಸ್ ಕಳಿಸುವ ಶಕ್ತಿಯೂ ಕಡಿಮೆಯಾಗುತ್ತದೆ. ಅದಕ್ಕೇ ಉಷ್ಣವಲಯದ ಹಿಮನದಿಗಳು ಒಂದು ಡಿಗ್ರಿಯ ಬದಲಾವಣೆಗೂ ಇಷ್ಟು ಬೇಗ ಸೋಲುತ್ತವೆ.

ಜಗತ್ತಿನ ಇಂಥ ಹಿಮನದಿಗಳಲ್ಲಿ ಸುಮಾರು ಶೇ 70ರಷ್ಟು ಪೆರುವಿನಲ್ಲಿವೆ. ಪೆರು ಸರ್ಕಾರದ ಹಿಮನದಿ ಸಂಶೋಧನಾ ಸಂಸ್ಥೆಯ ಕೇಂದ್ರ ವರಾಸ್‌ನಲ್ಲೇ ಇದೆ. ಅದು 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 1962ರಿಂದ ಈಚೆಗೆ ದೇಶದ ಹಿಮನದಿಗಳ ವಿಸ್ತಾರದಲ್ಲಿ ಶೇ 56 ಹೋಗಿದೆ. ಅರ್ಧಕ್ಕಿಂತ ಜಾಸ್ತಿ, ಅದೂ ಒಬ್ಬ ಮನುಷ್ಯನ ಆಯಸ್ಸಿನೊಳಗೆ.

1941ರ ಡಿಸೆಂಬರ್

ಹಿಮನದಿ ಕೆಳಗೆ ಜಾರುವಾಗ ಕಲ್ಲು, ಮಣ್ಣು, ಜಲ್ಲಿಯನ್ನು ತಳ್ಳಿಕೊಂಡು ಬರುತ್ತದೆ. ಅದು ನಿಂತ ಕಡೆ ಮುಂದೆ ಒಂದು ದಿಬ್ಬ ಬೀಳುತ್ತದೆ. ಇದನ್ನು ಮೊರೇನ್ ಅನ್ನುತ್ತಾರೆ. ಮುಂದೆ ಹಿಮನದಿ ಕರಗಿ ಹಿಂದೆ ಸರಿದರೆ ದಿಬ್ಬಕ್ಕೂ ಮಂಜುಗಡ್ಡೆಗೂ ನಡುವೆ ಹಳ್ಳ ಉಳಿಯುತ್ತದೆ. ಅಲ್ಲಿ ನೀರು ನಿಲ್ಲುತ್ತದೆ. ನೋಡಲು ನಮ್ಮ ಕೆರೆ ಏರಿಯ ಹಾಗೇ. ಆದರೆ ಕೆರೆಯ ಏರಿಯನ್ನು ಯಾರೋ ಮಣ್ಣು ತುಳಿಸಿ, ಕಲ್ಲು ಕಟ್ಟಿ, ಕೋಡಿ ಬಿಟ್ಟು ಮಾಡಿರುತ್ತಾರೆ. ಇದನ್ನು ಯಾರೂ ಕಟ್ಟಿಲ್ಲ. ಒಳಗೆ ಹಳೆಯ ಮಂಜುಗಡ್ಡೆ ಸಿಕ್ಕಿಕೊಂಡಿರಬಹುದು. ಅದು ಕರಗಿದರೆ ದಿಬ್ಬ ಒಳಗಿನಿಂದಲೇ ಕುಸಿಯುತ್ತದೆ.

ಪಾಲ್ಕಕೋಚ ಹುಟ್ಟಿದ್ದು ಹೀಗೆ. ಸುಮಾರು 4,560 ಮೀಟರ್ ಎತ್ತರದಲ್ಲಿ, ಪಾಲ್ಕರಾಹು ಮತ್ತು ಪುಕರನ್ರದ ಹಿಮದ ಗೋಡೆಗಳ ನೇರ ಕೆಳಗೆ. 1930ರ ದಶಕದಲ್ಲಿ ಈ ಕಡೆ ಬಂದ ಆಸ್ಟ್ರಿಯಾದ ಭೂಗೋಳಶಾಸ್ತ್ರಜ್ಞ ಹಾನ್ಸ್ ಕಿನ್ಟ್ಸ್ಲ್ ತೆಗೆದ ಚಿತ್ರದಲ್ಲಿ ತುಂಬಿದ ಸರೋವರ ಕಾಣುತ್ತದೆ. ಆಗ ಅದರಲ್ಲಿ ಒಂದು ಕೋಟಿ ಘನ ಮೀಟರ್ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ನೀರು ಇತ್ತು ಅಂತ ನಂತರದ ಅಂದಾಜು.

1941ರ ಡಿಸೆಂಬರ್ 13ರ ಬೆಳಿಗ್ಗೆ ಆ ದಿಬ್ಬ ಒಡೆಯಿತು. ನೀರು ಕೊಹುಪ್ ಕಣಿವೆಯಲ್ಲಿ ಇಳಿಯಿತು. ದಾರಿಯಲ್ಲಿ ಹಿರ್ಕಕೋಚ ಎಂಬ ಇನ್ನೊಂದು ಸಣ್ಣ ಸರೋವರ ಇತ್ತು. ಅದನ್ನೂ ಒಡೆದು ಅದರ ನೀರನ್ನೂ ಕೂಡಿಕೊಂಡಿತು. ಇಂಥ ಪ್ರವಾಹ ಬರೀ ನೀರಾಗಿ ಬರುವುದಿಲ್ಲ. ಬಂಡೆ, ಮರ, ಕೆಸರು, ಮಂಜುಗಡ್ಡೆಯ ತುಂಡು ಎಲ್ಲಾ ಸೇರಿ ಉರುಳುತ್ತಾ ಬರುತ್ತದೆ. ಸ್ಪ್ಯಾನಿಷ್‌ನಲ್ಲಿ ಅಲ್ಲಿನ ಜನ ಇದನ್ನು ‘ಅಲುವಿಯೊನ್’ ಅನ್ನುತ್ತಾರೆ. ವರಾಸ್‌ನ ಮೂರನೇ ಒಂದು ಭಾಗ ನಾಶವಾಯಿತು. ಸತ್ತವರ ಲೆಕ್ಕ ಇವತ್ತಿಗೂ ಒಂದಾಗಿಲ್ಲ. ಹಳೆಯ ಬರಹಗಳು ಐದು ಸಾವಿರ ಅನ್ನುತ್ತವೆ. ಈಚೆಗೆ ದಾಖಲೆ ಹುಡುಕಿದವರು ಕನಿಷ್ಠ 1,800 ಅನ್ನುತ್ತಾರೆ. ಒಡೆದ ಮೇಲೆ ಸರೋವರದಲ್ಲಿ ಉಳಿದದ್ದು ಐದು ಲಕ್ಷ ಘನ ಮೀಟರ್ ಮಾತ್ರ.

ಆ ಬಳಿಕ ಪೆರು ಮಾಡಿದ ಕೆಲಸಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ. ಹವಾಮಾನ ಬದಲಾವಣೆ ಅನ್ನುವ ಮಾತು ಯಾರ ಬಾಯಲ್ಲೂ ಇಲ್ಲದ ಕಾಲ ಅದು. 1951ರಲ್ಲೇ ಬಿಳಿ ಸಾಲಿನ ಸರೋವರಗಳನ್ನು ನೋಡಿಕೊಳ್ಳಲು ಸರ್ಕಾರ ಒಂದು ಆಯೋಗ ಮಾಡಿತು. ಎಂಜಿನಿಯರುಗಳು, ಕೂಲಿಯವರು ಸಿಮೆಂಟು, ಕಬ್ಬಿಣ ಹೊತ್ತು ನಾಲ್ಕೂವರೆ ಸಾವಿರ ಮೀಟರ್ ಎತ್ತರಕ್ಕೆ ಹತ್ತಿದರು. ದಿಬ್ಬ ಕೊಯ್ದು ಕಾಲುವೆ ಮಾಡಿದರು. ಬಂಡೆಯಲ್ಲಿ ಸುರಂಗ ಕೊರೆದು ನೀರಿನ ಮಟ್ಟ ಇಳಿಸಿದರು. ಕೊಯ್ದ ಜಾಗಕ್ಕೆ ಗಟ್ಟಿ ಒಡ್ಡು ಕಟ್ಟಿದರು. ಮೂವತ್ತಕ್ಕೂ ಹೆಚ್ಚು ಸರೋವರಗಳಲ್ಲಿ ಈ ಕೆಲಸ ಆಗಿದೆ.

ಫಲ ಸಿಕ್ಕಿದ್ದಕ್ಕೆ ಸಾಕ್ಷಿ ಕರ್ವಾಸ್ ಊರು. ವಾಲ್ಕಾನ್ ಬೆಟ್ಟದ ಬುಡದಲ್ಲಿ ಹೆಸರೇ ಇಲ್ಲದ, 513 ಅಂತ ಸಂಖ್ಯೆ ಮಾತ್ರ ಇರುವ ಒಂದು ಸರೋವರ ಇದೆ. 1990ರ ದಶಕದಲ್ಲಿ ಸುರಂಗ ಕೊರೆದು ಅದರ ಮಟ್ಟವನ್ನು 20 ಮೀಟರ್ ಇಳಿಸಿದ್ದರು. 2010ರ ಏಪ್ರಿಲ್ 11ರಂದು ಬೆಟ್ಟದಿಂದ ಬಂಡೆ, ಮಂಜುಗಡ್ಡೆ ಕುಸಿದು ಅದರೊಳಗೆ ಬಿತ್ತು. ಅಲೆ ಎದ್ದು ದಂಡೆ ದಾಟಿ ಕೆಳಗೆ ಬಂತು, ಹೊಲ ಮನೆ ಹಾಳಾದವು. ಆದರೆ ಕರ್ವಾಸ್ ಉಳಿಯಿತು. ಮೊದಲಿನ ಮಟ್ಟವೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಭಯವಾಗುತ್ತದೆ.

ಎಲ್ಲಾ ಅಪಾಯಕ್ಕೂ ಸುರಂಗ ಕೊರೆಯಲು ಆಗುವುದಿಲ್ಲ. 1970ರ ಮೇ 31ರ ಭೂಕಂಪದಲ್ಲಿ ವಾಸ್ಕರಾನ್ ಶಿಖರದ ಒಂದು ಭಾಗವೇ ಕಳಚಿ ಬಂತು. ಯುಂಗಾಯ್ ಎಂಬ ಇಡೀ ಪಟ್ಟಣ ಕೆಲವೇ ನಿಮಿಷಗಳಲ್ಲಿ ಹೂತುಹೋಯಿತು. ಆ ಭೂಕಂಪದಲ್ಲಿ ಒಟ್ಟು ಸತ್ತವರು ಸುಮಾರು 70 ಸಾವಿರ. ಇದನ್ನು ಹೇಳಲು ಕಾರಣ ಇದೆ. ಪಾಲ್ಕರಾಹುವಿನ ಅಪಾಯವನ್ನೆಲ್ಲಾ ಹವಾಮಾನದ ತಲೆಗೆ ಕಟ್ಟಿದರೆ ಅದು ಪೂರ್ತಿ ಸತ್ಯ ಆಗುವುದಿಲ್ಲ. ಕಡಿದಾದ ಇಳಿಜಾರು, ಜೀವಂತ ಬಿರುಕು, ಕೆಳಗೆ ಊರು, ಇವು ಮೊದಲಿನಿಂದಲೂ ಇದ್ದವು. ಪಾಲ್ಕಕೋಚದಲ್ಲೂ ಆ ಭೂಕಂಪದ ನಂತರ ದುರಸ್ತಿ ಬೇಕಾಯಿತು. 1974ರಲ್ಲಿ ಎಂಟು ಮೀಟರ್ ಎತ್ತರದ ಒಡ್ಡುಗಳು ಎದ್ದವು. ಆಗ ಸರೋವರ ಚಿಕ್ಕದಾಗಿತ್ತು. ಆ ನೀರಿಗೆ ಅಷ್ಟು ಸಾಕಿತ್ತು.

ಮತ್ತೆ ತುಂಬಿದ ಸರೋವರ

2009ರಲ್ಲಿ ಅಳತೆ ಮಾಡಿದಾಗ ಪಾಲ್ಕಕೋಚದಲ್ಲಿ ಇದ್ದದ್ದು ಒಂದು ಕೋಟಿ 70 ಲಕ್ಷ ಘನ ಮೀಟರ್ ನೀರು. ಒಡೆದ ನಂತರ ಉಳಿದಿದ್ದ ನೀರಿನ 34 ಪಟ್ಟು. 1941ರಲ್ಲಿ ಒಡೆಯುವ ಮೊದಲು ಇದ್ದದ್ದಕ್ಕಿಂತಲೂ ಜಾಸ್ತಿ. ಆಳ 70 ಮೀಟರಿಗೂ ಹೆಚ್ಚು. ಹಿಮನದಿ ಹಿಂದೆ ಸರಿಯುತ್ತಾ ಹೋದಂತೆ ಸರೋವರ ಅದರ ಜಾಗಕ್ಕೆ ಬೆಳೆಯುತ್ತಾ ಹೋಯಿತು.

ಈಗಿನ ಭಯ 1941ರ ಭಯಕ್ಕಿಂತ ಸ್ವಲ್ಪ ಬೇರೆ. ದಿಬ್ಬ ತಾನಾಗಿ ಒಡೆಯುವುದಕ್ಕಿಂತ, ಮೇಲಿನಿಂದ ಮಂಜುಗಡ್ಡೆಯೋ ಬಂಡೆಯೋ ಸರೋವರಕ್ಕೆ ಬಿದ್ದು ಅಲೆ ಎದ್ದು ಒಡ್ಡನ್ನು ದಾಟುವ ಭಯ ಹೆಚ್ಚು. ಹತ್ತಾರು ಲಕ್ಷ ಘನ ಮೀಟರ್ ಒಂದೇ ಸಲ ಬಿದ್ದರೆ ಏನಾಗುತ್ತದೆ ಅಂತ ಸಂಶೋಧಕರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದಾರೆ. ಅಲೆ ಒಡ್ಡಿನ ಮೇಲೆ ಹಾರಿ ಕಣಿವೆಗೆ ಇಳಿಯುತ್ತದೆ. ವರಾಸ್ ತಲುಪಲು ಅದಕ್ಕೆ ಒಂದೂವರೆ ಗಂಟೆಗಿಂತ ಕಡಿಮೆ ಸಾಕು. ಆ ದಾರಿಯಲ್ಲಿ ಬದುಕುವವರು ಸುಮಾರು 50 ಸಾವಿರ ಜನ. 2003ರ ಮಾರ್ಚ್‌ನಲ್ಲಿ ಇದರ ಒಂದು ಸಣ್ಣ ರೂಪ ನಡೆದೇ ಹೋಯಿತು. ದಿಬ್ಬದ ಒಳಬದಿಯ ಮಣ್ಣು ಸರೋವರಕ್ಕೆ ಕುಸಿದು ನೀರು ಒಡ್ಡು ದಾಟಿತು. ಜೀವಹಾನಿ ಆಗಲಿಲ್ಲ. ಆದರೆ ಊರಿನ ಕುಡಿಯುವ ನೀರಿಗೆ ತೊಂದರೆಯಾಯಿತು.

2011ರಿಂದ ದೊಡ್ಡ ಪೈಪುಗಳನ್ನು ಹಾಕಿ, ಸೈಫನ್ ವಿಧಾನದಲ್ಲಿ ನೀರು ಎಳೆದು ಮಟ್ಟವನ್ನು ಕೆಲವು ಮೀಟರ್ ಇಳಿಸಿದ್ದಾರೆ. ಕಾವಲುಗಾರರು ದಡದಲ್ಲೇ ಉಳಿದು ರೇಡಿಯೊದಲ್ಲಿ ವರದಿ ಕೊಡುತ್ತಾರೆ. ಇದು ತಾತ್ಕಾಲಿಕ ಅಂತ ಹಾಕಿದವರೇ ಹೇಳಿದ್ದರು. ಅಪಾಯ ನಿಜವಾಗಿ ತಗ್ಗಬೇಕಾದರೆ ಮಟ್ಟ ಹತ್ತಾರು ಮೀಟರ್ ಇಳಿಯಬೇಕು.

ಹಿಮನದಿ ಸರಿದದ್ದಕ್ಕೆ ಯಾರು ಕಾರಣ? 2021ರಲ್ಲಿ ಆಕ್ಸ್‌ಫರ್ಡ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಒಂದು ಹಿಮನದಿಯನ್ನು ಹಿಡಿದು ಲೆಕ್ಕ ಹಾಕಿದರು. ಇದು ಸಹಜ ಏರುಪೇರಿನಿಂದಲೇ ಆಗಿರುವ ಸಾಧ್ಯತೆ ಶೇ 1ಕ್ಕಿಂತ ಕಡಿಮೆ. ಅಲ್ಲಿ ಏರಿದ ಒಂದು ಡಿಗ್ರಿ ಬಿಸಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಮನುಷ್ಯನದ್ದೇ. ಇಡೀ ಜಗತ್ತಿನ ಸರಾಸರಿ ಹೇಳುವುದು ಸುಲಭ. ಒಂದು ಬೆಟ್ಟ, ಒಂದು ಹಿಮನದಿ, ಒಂದು ಸರೋವರ ಅಂತ ಬೊಟ್ಟು ಮಾಡಿ ತೋರಿಸುವುದು ಕಷ್ಟ. ಇಲ್ಲಿ ಅದು ಆಯಿತು.

ಪ್ರವಾಹ ಬಂದ ಜಾಗದಲ್ಲೇ ಮತ್ತೆ ಮನೆ ಕಟ್ಟಿದ್ದೇಕೆ ಅಂತ ಓದುವವರಿಗೆ ಅನಿಸಬಹುದು. ನದಿ ತಂದು ಹರಡಿದ ನೆಲ ಸಮತಟ್ಟಾಗಿರುತ್ತದೆ, ನೀರು ಹತ್ತಿರ ಇರುತ್ತದೆ. ಕಡಿದಾದ ಕಣಿವೆಯಲ್ಲಿ ಅಂಥ ನೆಲ ಸಿಗುವುದೇ ಕಡಿಮೆ. 1941ರ ನಂತರ ಸರ್ಕಾರ ಆ ಜಾಗದಲ್ಲಿ ಮನೆ ಕಟ್ಟುವುದನ್ನು ತಡೆಯಲು ನೋಡಿತು. ಆದರೆ ಅದು ಊರಿನ ಅನುಕೂಲಸ್ಥರು ಇದ್ದ ಜಾಗ. ಅವರಿಗೆ ತಮ್ಮ ನಿವೇಶನ ಬಿಡುವ ಮನಸ್ಸಿರಲಿಲ್ಲ. ಜನ ಕೇಳಿದ್ದು, ನಮ್ಮನ್ನು ಎಬ್ಬಿಸಬೇಡಿ, ಸರೋವರವನ್ನು ಇಳಿಸಿ ಅಂತ. ಮುಂದೆ ಹಳ್ಳಿಗಳಿಂದ ಬಂದ ಬಡವರೂ ನದಿ ಅಂಚಿನಲ್ಲಿ ಜಾಗ ಹಿಡಿದರು. ಅವರನ್ನು ಬೈಯುವುದು ಸುಲಭ. ಆದರೆ ಹೋಗಲು ಬೇರೆ ಸುರಕ್ಷಿತ ನೆಲವನ್ನು ಯಾರಾದರೂ ಕೊಟ್ಟರಾ ಅಂತ ಮೊದಲು ಕೇಳಬೇಕು, ಅಲ್ವಾ?

ಕೋರ್ಟು ನೋಡಿದ್ದು ಒಂದು ಮನೆ

ಈಗ ಕೇಸಿಗೆ ಬರೋಣ. 2015ರ ನವೆಂಬರ್‌ನಲ್ಲಿ ಲಿಯುಯಾ ಅವರು ಆರ್‌ಡಬ್ಲ್ಯುಇ ಕಚೇರಿ ಇರುವ ಎಸೆನ್ ನಗರದ ಕೋರ್ಟಿಗೆ ಹೋದರು. ಜರ್ಮನ್‌ವಾಚ್ ಎಂಬ ಪರಿಸರ ಸಂಘಟನೆ ಬೆನ್ನಿಗೆ ನಿಂತಿತ್ತು. ಆ ಕಂಪನಿ ಪೆರುವಿನಲ್ಲಿ ಎಂದೂ ವಿದ್ಯುತ್ ಸ್ಥಾವರ ನಡೆಸಿಲ್ಲ. ಆದರೆ ಕೈಗಾರಿಕೆ ಶುರುವಾದಾಗಿನಿಂದ ಜಗತ್ತು ಬಿಟ್ಟ ಹೊಗೆಯಲ್ಲಿ ಶೇ 0.47 ಅದರ ಪಾಲು ಅಂತ ಒಂದು ಅಧ್ಯಯನದ ಲೆಕ್ಕ ಇತ್ತು. ಸರೋವರವನ್ನು ಸುರಕ್ಷಿತ ಮಾಡುವ ಖರ್ಚಿನಲ್ಲಿ ಅಷ್ಟೇ ಪಾಲು ಕೊಡಿ ಅಂತ ಕೇಳಿದರು. ಅದೇ ಆ 17 ಸಾವಿರ ಯೂರೊ.

ಅವರು ಹಿಡಿದದ್ದು ಜರ್ಮನಿಯ ಸಿವಿಲ್ ಕಾನೂನಿನ 1004ನೇ ಕಲಮು. ಪಕ್ಕದ ಜಾಗದವರಿಂದ ನಿಮ್ಮ ಆಸ್ತಿಗೆ ತೊಂದರೆ ಬಂದರೆ ಅದನ್ನು ನಿಲ್ಲಿಸಿ ಅಂತ ಕೇಳುವ ಹಕ್ಕು ಅದರಲ್ಲಿದೆ. ಹತ್ತು ಸಾವಿರ ಕಿಲೋಮೀಟರ್ ದೂರದ ಕಂಪನಿಯನ್ನು ಪಕ್ಕದ ಮನೆಯವರು ಅನ್ನಬಹುದೇ? ಎಸೆನ್ ಕೋರ್ಟು 2016ರಲ್ಲಿ ಆಗುವುದಿಲ್ಲ ಅಂದಿತು. 2017ರ ನವೆಂಬರ್‌ನಲ್ಲಿ ಹಾಮ್ ಕೋರ್ಟು, ಆಗಬಹುದು, ಸಾಕ್ಷ್ಯ ನೋಡೋಣ ಅಂದಿತು. ದೊಡ್ಡ ಸುದ್ದಿ ನಿಜವಾಗಿ ಅದೇ. 2022ರ ಮೇ ತಿಂಗಳಲ್ಲಿ ಜರ್ಮನಿಯ ನ್ಯಾಯಾಧೀಶರು, ತಜ್ಞರು ಪೆರುವಿಗೆ ಹೋಗಿ ಪಾಲ್ಕಕೋಚ ಹತ್ತಿ ನೋಡಿದರು. ಮನೆಯನ್ನೂ ನೋಡಿದರು.

ಹವಾಮಾನದ ಸಮಸ್ಯೆಯನ್ನು ರಾಜಕೀಯ ಮಟ್ಟದಲ್ಲಿ ಬಗೆಹರಿಸಬೇಕು, ಒಂದೊಂದು ಕಂಪನಿಯನ್ನು ಕೋರ್ಟಿಗೆ ಎಳೆದಲ್ಲ ಎನ್ನುವುದು ಕಂಪನಿಯ ವಾದ. ಕೊನೆಗೆ ಅರ್ಜಿ ಬಿದ್ದಿದ್ದು ಆ ಕಾರಣಕ್ಕಲ್ಲ. ಮುಂದಿನ 30 ವರ್ಷಗಳಲ್ಲಿ ಪ್ರವಾಹ ಆ ಮನೆಯನ್ನು ಮುಟ್ಟುವ ಸಾಧ್ಯತೆ ಸುಮಾರು ಶೇ 1, ಮುಟ್ಟಿದರೂ ನೀರು ಕೆಲವೇ ಸೆಂಟಿಮೀಟರ್, ಗೋಡೆಗೆ ಅಪಾಯ ಇಲ್ಲ ಅಂತ ಕೋರ್ಟು ನೇಮಿಸಿದ ತಜ್ಞರು ಹೇಳಿದರು. ಕೋರ್ಟು ಅದನ್ನು ಒಪ್ಪಿತು. ಮತ್ತೆ ಮೇಲ್ಮನವಿಗೆ ಅವಕಾಶವನ್ನೂ ಕೊಡಲಿಲ್ಲ. ಬಂಡೆಗಳನ್ನು ಹಿಡಿದಿಟ್ಟಿರುವ ಒಳಗಿನ ಮಂಜು ಕೂಡ ಬಿಸಿಗೆ ಸಡಿಲವಾಗುತ್ತಿದೆ, ಹಿಂದಿನ ಅಂಕಿ ಅಂಶ ಇಟ್ಟುಕೊಂಡು ಮುಂದಿನ ಅಪಾಯ ಅಳೆಯಬಾರದು ಅಂತ ಅರ್ಜಿದಾರರ ಕಡೆಯವರು ಆಕ್ಷೇಪ ಎತ್ತಿದ್ದರು. ಅದು ಗೆಲ್ಲಲಿಲ್ಲ. ತೀರ್ಪಿಗೆ ಕೇವಲ ಒಂದು ತಿಂಗಳ ಮೊದಲು, 2025ರ ಏಪ್ರಿಲ್ ಕೊನೆಯಲ್ಲಿ, ವರಾಸ್ ಮೇಲಿನ ಇನ್ನೊಂದು ಬೆಟ್ಟ ವಾಯುನರಾಹು ಕಡೆಯಿಂದ ಕೆಸರಿನ ಪ್ರವಾಹ ಇಳಿದು ಮನೆಗಳನ್ನು ಹಾಳು ಮಾಡಿತ್ತು.

ನ್ಯಾಯಾಧೀಶರನ್ನು ದೂರಲು ನನಗೆ ಮನಸ್ಸಿಲ್ಲ. ಆಸ್ತಿಯ ಕಾನೂನಿನಡಿ ಬಂದ ಕೇಸಿನಲ್ಲಿ ಅವರು ಆಸ್ತಿಯನ್ನೇ ನೋಡಬೇಕು. ಆದರೆ ಭೂಗೋಳದ ಪ್ರಕಾರ ಇಲ್ಲಿ ಅಪಾಯದ ಅಳತೆ ಮನೆ ಲೆಕ್ಕದಲ್ಲಿ ಇಲ್ಲ, ಕಣಿವೆಯ ಲೆಕ್ಕದಲ್ಲಿದೆ. ಒಂದು ಮನೆಗೆ ಶೇ 1 ಅಂದ ಮಾತ್ರಕ್ಕೆ ನದಿಗೆ ಇನ್ನೂ ಹತ್ತಿರ ಇರುವ ಮನೆಗೂ ಅಷ್ಟೇ ಅಂತಲ್ಲ. ಒಡ್ಡು ದಾಟಿದ ನೀರು ಮೊದಲು ಮುಟ್ಟುವುದು ಕಣಿವೆಯೊಳಗಿನ ಹೊಲ, ಆಮೇಲೆ ಸೇತುವೆ, ನೀರು ಶುದ್ಧ ಮಾಡುವ ಘಟಕ, ನದಿ ದಡದ ಓಣಿಗಳು. ಈ ಮನೆ ಅದರ ನಂತರ. ಸಾವಿರಾರು ಜನರ ಅಪಾಯವನ್ನು ಒಂದು ಗೋಡೆಯ ಬುಡದಲ್ಲಿ ಅಳೆದಾಗ ಕೆಲವು ಸೆಂಟಿಮೀಟರ್ ಬಂತು. ಅಳತೆ ತಪ್ಪಲ್ಲ. ಅಳೆದ ಜಾಗ ಸಾಲದು.

ಅದೇ ಮಂಜುಗಡ್ಡೆ, ಅದೇ ನೀರು

ಕೇಸಿನಲ್ಲಿ ಬಾರದ ಇನ್ನೊಂದು ಸಂಗತಿ ಇದೆ. ಜನ ಹೆದರುವ ಈ ನೀರನ್ನೇ ಅವರು ಕುಡಿಯುತ್ತಾರೆ, ಹೊಲಕ್ಕೆ ಬಿಡುತ್ತಾರೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ಇಲ್ಲ. ಆಗ ಹೊಳೆ ಬತ್ತದಂತೆ ನೋಡಿಕೊಳ್ಳುವುದರಲ್ಲಿ ಹಿಮನದಿಯ ಪಾಲು ದೊಡ್ಡದು. ಸಾಂತಾ ನದಿ ಕೆಳಗೆ ಕಾನ್ಯೋನ್ ದೆಲ್ ಪಾತೊ ಎಂಬ ಕಮರಿಯಲ್ಲಿ ವಿದ್ಯುತ್ ಕೊಡುತ್ತದೆ. ಇನ್ನೂ ಕೆಳಗೆ ಚವಿಮೊಚಿಕ್ ಎಂಬ ದೊಡ್ಡ ನೀರಾವರಿ ಯೋಜನೆಯಿಂದ ಕರಾವಳಿಯ ಮರುಭೂಮಿಗೆ ಹೋಗುತ್ತದೆ. ಅಲ್ಲಿ ಬೆಳೆದ ಬ್ಲೂಬೆರಿ, ಬೆಣ್ಣೆಹಣ್ಣು ಯುರೋಪು, ಅಮೆರಿಕಕ್ಕೆ ರಫ್ತಾಗುತ್ತದೆ.

ಹಿಮನದಿ ಕರಗುವಾಗ ಮೊದಲು ಹೊಳೆಯಲ್ಲಿ ನೀರು ಜಾಸ್ತಿಯಾಗುತ್ತದೆ. ಒಂದು ಹಂತ ದಾಟಿದ ಮೇಲೆ ಕರಗಲು ಉಳಿದಿರುವುದೇ ಕಡಿಮೆಯಾಗಿ ನೀರು ಇಳಿಯುತ್ತದೆ. ಸಾಂತಾದ ಬಹುತೇಕ ಉಪನದಿಗಳು ಆ ತುದಿಯನ್ನು ದಾಟಿ ಆಗಿದೆ ಅಂತ 2012ರಷ್ಟು ಹಿಂದೆಯೇ ಒಂದು ಅಧ್ಯಯನ ಹೇಳಿತ್ತು. ಉಳಿದ ನೀರಿಗೂ ತೊಂದರೆ ಶುರುವಾಗಿದೆ. ಮಂಜು ಸರಿದ ಜಾಗದಲ್ಲಿ ಹೊಸದಾಗಿ ಗಾಳಿಗೆ ತೆರೆದುಕೊಂಡ ಬಂಡೆಯಲ್ಲಿ ಕಬ್ಬಿಣ, ಗಂಧಕ ಇದ್ದರೆ ನೀರು ತಾಗಿ ಆಮ್ಲ ಹುಟ್ಟುತ್ತದೆ. ಅದು ಲೋಹಗಳನ್ನು ಕರಗಿಸಿಕೊಂಡು ಹರಿಯುತ್ತದೆ. ವರಾಸ್‌ನ ದಕ್ಷಿಣಕ್ಕೆ ಒಯೆರೊಸ್ ಕಡೆಯ ಹೊಳೆಯಲ್ಲಿ ಕಲ್ಲುಗಳೆಲ್ಲಾ ತುಕ್ಕು ಬಣ್ಣಕ್ಕೆ ತಿರುಗಿವೆ. ಗಣಿ ಇಲ್ಲದೆಯೇ ಹೊಳೆ ಹಾಳಾಗಿದೆ.

ಸರೋವರದ ಗೇಟಿನ ಕೀಲಿ ಯಾರ ಕೈಯಲ್ಲಿರಬೇಕು ಎನ್ನುವ ಜಗಳ ಹುಟ್ಟುವುದು ಇಲ್ಲಿಂದ. ಬಿಳಿ ಸಾಲಿನ ಅತಿ ದೊಡ್ಡ ಸರೋವರ ಪರೋನ್. ಪ್ರವಾಹದ ಭಯಕ್ಕೆ ಅಲ್ಲಿ ಸುರಂಗ ಕೊರೆದಿದ್ದರು. ಮುಂದೆ ಅದೇ ಸುರಂಗದಿಂದ ಖಾಸಗಿ ವಿದ್ಯುತ್ ಕಂಪನಿ ತನಗೆ ಬೇಕಾದಾಗ ನೀರು ಬಿಡತೊಡಗಿತು. ರೈತರಿಗೆ ಬೇಕಾದಾಗ ನೀರಿಲ್ಲ, ಬೇಡವಾದಾಗ ಕಾಲುವೆ ಕೊಚ್ಚಿಹೋಗುವಷ್ಟು ನೀರು. 2008ರಲ್ಲಿ ಹಳ್ಳಿಯವರು ಹತ್ತಿ ಹೋಗಿ ಸರೋವರವನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡರು. 513 ಸರೋವರದಲ್ಲಿ ನಡೆದದ್ದು ಇನ್ನೂ ನೋವಿನ ಸಂಗತಿ. 2010ರ ಘಟನೆಯ ನಂತರ ಸ್ವಿಟ್ಜರ್ಲೆಂಡಿನ ನೆರವಿನಿಂದ ಅಲ್ಲಿ ಎಚ್ಚರಿಕೆ ಯಂತ್ರಗಳನ್ನು ನಿಲ್ಲಿಸಿದ್ದರು. 2016ರ ಬರಗಾಲದಲ್ಲಿ, ಮಳೆ ನಿಲ್ಲಿಸುತ್ತಿರುವುದೇ ಈ ಯಂತ್ರ ಅಂತ ಜನ ಅದನ್ನು ಕಿತ್ತುಹಾಕಿದರು. ಇದನ್ನು ಮೂಢನಂಬಿಕೆ ಅಂತ ಸುಮ್ನೆ ತಳ್ಳಿಹಾಕಬಾರದು. ಹೊರಗಿನವರು ತಮ್ಮ ಬೆಟ್ಟದ ಮೇಲೆ ಏನೋ ನಿಲ್ಲಿಸಿದ್ದಾರೆ, ಅದರಿಂದ ತಮಗೇನು ಲಾಭ ಅಂತ ಗೊತ್ತಿಲ್ಲ, ಹೊಲ ಒಣಗುತ್ತಿದೆ. ಆ ಹೊತ್ತಿನಲ್ಲಿ ಯಂತ್ರದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು?

ಇದೆಲ್ಲಾ ದೂರದ ದೇಶದ ಮಾತು ಅಂದುಕೊಳ್ಳುವ ಹಾಗಿಲ್ಲ. ಸಿಕ್ಕಿಂನ ಸೌತ್ ಲೋನಕ್ ಸರೋವರದಲ್ಲೂ 2016ರಲ್ಲಿ ಪೈಪು ಹಾಕಿ ನೀರು ಎಳೆಯುವ ಕೆಲಸ ನಡೆದಿತ್ತು. 2023ರ ಅಕ್ಟೋಬರ್ 3ರ ರಾತ್ರಿ ಅದರ ಬದಿಯ ದಿಬ್ಬ ಕುಸಿದು ನೀರಿಗೆ ಬಿತ್ತು. ಅಲೆ ಎದ್ದಿತು, ಸರೋವರ ಒಡೆಯಿತು. ಚುಂಗ್‌ಥಾಂಗ್‌ನಲ್ಲಿದ್ದ 1,200 ಮೆಗಾವಾಟ್ ಯೋಜನೆಯ ಅಣೆಕಟ್ಟೆಯೇ ಕೊಚ್ಚಿಹೋಯಿತು. ಪಾಲ್ಕಕೋಚದ ಬಗ್ಗೆ ಎಂಜಿನಿಯರುಗಳು ಹೆದರುವುದೂ ಹೀಗೇ ಮೇಲಿನಿಂದ ಬೀಳುವ ರಾಶಿಗೆ. ಕೆಲವು ಮೀಟರ್ ನೀರು ಎಳೆದು ಸುಮ್ಮನೆ ಕೂರುವ ಹಾಗಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಹಾಮ್ ಕೋರ್ಟು ಬಾಗಿಲು ಮುಚ್ಚಿಲ್ಲ. ದೂರ ಅನ್ನುವುದು ಹೊಣೆ ತಪ್ಪಿಸಿಕೊಳ್ಳಲು ಕಾರಣವಲ್ಲ ಎಂದಿದೆ. ಇಂಡೋನೇಷ್ಯಾದ ಪಾರಿ ದ್ವೀಪದ ನಾಲ್ಕು ಜನ ಸ್ವಿಟ್ಜರ್ಲೆಂಡಿನ ಸಿಮೆಂಟ್ ಕಂಪನಿ ಹೋಲ್ಸಿಮ್ ವಿರುದ್ಧ ಇದೇ ರೀತಿ ಕೇಸು ಹಾಕಿದ್ದಾರೆ. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಕೂಡ ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನು ಹೊಣೆ ಅಂತ ಅಭಿಪ್ರಾಯ ಕೊಟ್ಟಿತು. ವರಾಸ್ ಕಣಿವೆಯಿಂದ ಇನ್ನೊಂದು ಕೇಸು ಹೋಗುವುದಾದರೆ ಅದನ್ನು ಒಬ್ಬ ರೈತ ತನ್ನ ಮನೆ ತೋರಿಸಿ ಹಾಕಬೇಕಾದ ಅಗತ್ಯ ಇಲ್ಲ. ನೀರು ಶುದ್ಧೀಕರಣ ಘಟಕ, ಸೇತುವೆ, ಶಾಲೆ, ಮಾರುಕಟ್ಟೆ ಇವೆಲ್ಲಾ ಯಾರದೋ ಆಸ್ತಿಯೇ. ನಗರಸಭೆಯದ್ದು, ನೀರು ಸರಬರಾಜು ಸಂಸ್ಥೆಯದ್ದು, ಪ್ರಾಂತ್ಯ ಸರ್ಕಾರದ್ದು. ಅವು ನದಿಯ ಅಂಚಿನಲ್ಲಿವೆ. ಅವರು ಒಟ್ಟಾಗಿ ಕೇಳಿದರೆ, ಕೋರ್ಟಿನ ತಜ್ಞರು ಪಾಲ್ಕಕೋಚದ ಒಡ್ಡಿನಿಂದ ಕಿಲ್ಕಾಯ್ ಸಾಂತಾ ಸೇರುವವರೆಗಿನ ಇಡೀ ದಾರಿಯನ್ನು ಅಳೆಯಬೇಕಾಗುತ್ತದೆ.